ಬುರುಡೆಯ ಬಾಗಿಲುಗಳು

ಹಣೆಬರಹವೆಂಬ ಮಾತು ಸಂಸಾರಸ್ಥರ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವುದುಂಟು. ಮಗ ಪರೀಕ್ಷೆಯಲ್ಲಿ ನಪಾಸಾದರೂ ಹಣೆಬರಹ, ಮಗಳಿಗೆ ಕೂಡಿಬಂದ ಸಂಬಂಧ ತಪ್ಪಿಹೋದರೂ ಹಣೆಬರಹ. ಶಿಶು ಹುಟ್ಟಿದ ಆರನೆಯ ರಾತ್ರಿ ವಿಧಿಯು ಬಂದು ಅದರ ಹಣೆಯ ಮೇಲೆ ಬರೆದುಹೋಗುತ್ತದೆಂದು ಅಜ್ಜಿಯರು ಹೇಳುತ್ತಿದ್ದರು. ಈ ನಂಬಿಕೆಗೆ ಕಣ್ಣಿಗೆ ಕಾಣುವ ಆಧಾರವೊಂದೂ ಇದೆಯೆಂದು ಹಲವರು ತಿಳಿದಿದ್ದರು. ಮಸಣದಲ್ಲಿ ದೊರೆತ ತಲೆಬುರುಡೆಯ ಮೇಲೆ ಅಂಕುಡೊಂಕಾದ ಗೆರೆಗಳು ಹರಿದಿರುತ್ತವೆ. ಯಾರಿಗೂ ಓದಲು ಬಾರದ ಲಿಪಿಯಂತೆ ತೋರುವ ಆ ಗೆರೆಗಳೇ ಬ್ರಹ್ಮಲಿಪಿ ಎಂಬುದು ಅವರ ಭಾವನೆ.

ಆ ಲಿಪಿಯನ್ನು ಓದಬಲ್ಲವರು ಇಂದು ಇದ್ದಾರೆ. ಮಂಗಳೂರು ನಗರದಲ್ಲಿಯೂ ಅದರ ಸುತ್ತಮುತ್ತಲೂ ಇರುವ ವೈದ್ಯಕೀಯ ಕಾಲೇಜುಗಳ ಅಂಗರಚನಾಶಾಸ್ತ್ರದ ವಿಭಾಗಗಳಲ್ಲಿ ಪ್ರತಿ ವರ್ಷವೂ ನೂರಾರು ತರುಣ ತರುಣಿಯರು ಒಂದೊಂದು ಬುರುಡೆಯನ್ನು ಅಂಗೈಯಲ್ಲಿ ಹಿಡಿದು ಆ ಗೆರೆಗಳ ಹೆಸರನ್ನು ಕಲಿಯುತ್ತಾರೆ. ಅವು ಬರಹವಲ್ಲ, ಹೊಲಿಗೆ. ಎರಡು ಎಲುಬುಗಳ ಅಂಚುಗಳು ಗರಗಸದ ಹಲ್ಲುಗಳಂತೆ ಒಂದರೊಳಗೊಂದು ಸೇರಿಕೊಂಡಿರುವ ಸಂದುಗಳು. ಇನ್ನೂ ಒಂದು ವಿನೋದವೇನೆಂದರೆ, ಹಣೆಯ ಎಲುಬಿನ ಮೇಲೆಯೇ ಸಾಧಾರಣವಾಗಿ ಇಂಥ ಗೆರೆ ಇರುವುದಿಲ್ಲ. ಹುಟ್ಟುವಾಗ ಎರಡು ಹೋಳಾಗಿರುವ ಹಣೆಯ ಎಲುಬು ಎಳೆತನದಲ್ಲಿಯೇ ಬೆಸೆದುಕೊಂಡು ಒಂದಾಗುತ್ತದೆ. ಕೆಲವೇ ಮಂದಿಯಲ್ಲಿ ಮಾತ್ರ ಹಣೆಯ ನಡುವಿನ ಆ ಸಂದು ಕೊನೆಯವರೆಗೂ ಉಳಿಯುತ್ತದೆ. ಹಾಗೆ ಉಳಿದವರ ಭಾಗ್ಯ ಇತರರ ಭಾಗ್ಯಕ್ಕಿಂತ ಬೇರೆಯಾಗಿರುವುದೆಂದು ಯಾವ ವೈದ್ಯನೂ ಹೇಳಿಲ್ಲ.

ಈ ಹೊಲಿಗೆಯ ಉಪಯೋಗವು ಹೆರಿಗೆಯ ಹೊತ್ತಿನಲ್ಲಿಯೇ ತಿಳಿಯುತ್ತದೆ. ಶಿಶುವಿನ ತಲೆಯ ಎಲುಬುಗಳು ಆಗ ಇನ್ನೂ ಬಿಗಿಯಾಗಿ ಸೇರಿರುವುದಿಲ್ಲ. ಇಕ್ಕಟ್ಟಾದ ದಾರಿಯಲ್ಲಿ ಇಳಿದು ಬರುವಾಗ ಅವು ಒಂದರ ಮೇಲೊಂದು ತುಸು ಸರಿದು ದಾರಿಗೆ ಹೊಂದಿಕೊಳ್ಳುತ್ತವೆ. ಅಜ್ಜಿಯು ಎಣ್ಣೆಯೊತ್ತುವ ಆ ಮೆತ್ತನೆಯ ನೆತ್ತಿಯು ಎಲುಬುಗಳ ನಡುವೆ ಉಳಿದ ತೆರಪು. ತಲೆಯ ಹಿಂಭಾಗದ ಸಣ್ಣ ತೆರಪು ಎರಡು ಮೂರು ತಿಂಗಳಲ್ಲಿ ಮುಚ್ಚುತ್ತದೆ. ಮುಂದಿನ ದೊಡ್ಡ ತೆರಪು ಸುಮಾರು ಒಂದೂವರೆ ವರ್ಷದ ಹೊತ್ತಿಗೆ ಮುಚ್ಚುವುದು ವಾಡಿಕೆ. ವಾಂತಿಭೇದಿಯಿಂದ ಬಳಲಿದ ಕೂಸಿನ ನೆತ್ತಿ ಗುಳಿಬಿದ್ದರೆ ಅದರ ಮೈಯಲ್ಲಿ ನೀರು ಬತ್ತಿದೆಯೆಂದು ಅರ್ಥ. ನೆತ್ತಿ ಉಬ್ಬಿ ಬಿಗಿದಿದ್ದರೆ ತಲೆಯೊಳಗಿನ ಒತ್ತಡ ಏರಿರಬಹುದು. ಎರಡು ಸಂದರ್ಭಗಳಲ್ಲಿಯೂ ಎಣ್ಣೆಯನ್ನು ನೆಚ್ಚಿ ಕುಳಿತಿರದೆ ವೈದ್ಯರಲ್ಲಿಗೆ ಧಾವಿಸುವುದು ಲೇಸು.

ತಲೆಬುರುಡೆಯು ಒಂದೇ ಎಲುಬಿನ ಗಡಿಗೆಯೆಂದು ತೋರಿದರೂ ಅದರಲ್ಲಿ ಇರುವ ಎಲುಬುಗಳು ೨೨. ಮಿದುಳನ್ನು ಸುತ್ತುವರಿದಿರುವವು ೮, ಮುಖವನ್ನು ಕಟ್ಟುವವು ೧೪. ಇವುಗಳಲ್ಲಿ ಅಲುಗಾಡುವುದು ಕೆಳದವಡೆ ಒಂದೇ. ಮನುಷ್ಯನು ಉಣ್ಣುವುದೂ ಆಡುವುದೂ ಜಗಳವಾಡುವುದೂ ಆ ಒಂದರ ಕೃಪೆಯಿಂದ. ಉಳಿದ ೨೧ ಎಲುಬುಗಳು ಸ್ಥಿರವಾಗಿ ನಿಂತು ಆ ಜಗಳವನ್ನು ನೋಡುತ್ತವೆ.

ಮಂಗಳೂರಿನವರಿಗೆ ಇದರ ರಚನೆಯನ್ನು ಅವರ ಮನೆಯ ಹೋಲಿಕೆಯಿಂದಲೇ ವಿವರಿಸಬಹುದು. ಹಂಚಿನ ಮಾಡಿನಲ್ಲಿ ಒಂದು ಹಂಚಿನ ಅಂಚು ಮತ್ತೊಂದರ ಗಾಡಿಯಲ್ಲಿ ಕುಳಿತು ಹೇಗೆ ಮಳೆಗಾಳಿಗೆ ಜಗ್ಗದೆ ನಿಲ್ಲುವುದೋ ಹಾಗೆಯೇ ಬುರುಡೆಯ ಮಾಡೂ ನಿಂತಿದೆ. ಮುಂದೆ ಹಣೆಯ ಎಲುಬು, ನಡುವೆ ಎಡಬಲಕ್ಕೆ ಎರಡು ನೆತ್ತಿಯೆಲುಬುಗಳು, ಹಿಂದೆ ಹಿಂದಲೆಯ ಎಲುಬು, ಎರಡು ಕಿವಿಗಳ ಸುತ್ತ ಎರಡು ಶಂಖಾಸ್ಥಿಗಳು. ಆದರೆ ಮಾಡನ್ನು ನೋಡಿದವರು ಮನೆಯನ್ನು ನೋಡಿದಂತಾಗಲಿಲ್ಲ. ನೆಲವನ್ನು ನೋಡಬೇಕು. ಬುರುಡೆಯ ಮೇಲ್ಭಾಗವನ್ನು ಮುಚ್ಚಳದಂತೆ ತೆಗೆದು ಒಳಗೆ ಇಣುಕಿದರೆ, ಮೂರು ಮೆಟ್ಟಿಲುಗಳಾಗಿ ಹಿಂದಕ್ಕೆ ಇಳಿಯುವ ನೆಲವೊಂದು ಕಾಣುತ್ತದೆ. ಆ ನೆಲದ ನಡುವೆ ರೆಕ್ಕೆ ಬಿಚ್ಚಿದ ಬಾವಲಿಯಂತೆ ಒಂದು ಎಲುಬು ಹರಡಿಕೊಂಡಿದೆ. ಇಂಗ್ಲಿಷರು ಸ್ಫೀನಾಯ್ಡ್ ಎಂದು ಕರೆಯುವ ಇದಕ್ಕೆ ಸಂಸ್ಕೃತ ಪರಿಭಾಷೆಯಲ್ಲಿ ಜತೂಕಾಸ್ಥಿ ಎಂದು ಹೆಸರು. ಜತೂಕವೆಂದರೆ ಬಾವಲಿಯೇ. ಮಿದುಳನ್ನು ಸುತ್ತಿದ ಉಳಿದೆಲ್ಲ ಎಲುಬುಗಳನ್ನೂ ಮುಟ್ಟಿಕೊಂಡಿರುವ ಈ ಎಲುಬು ಮನೆಯ ನಡುಗಂಬವಿದ್ದಂತೆ.

ಆ ನೆಲದ ತುಂಬ ತೂತುಗಳು. ಕೆಲವು ಸೂಜಿಯ ಮೊನೆಯಷ್ಟು ಕಿರಿದು, ಕೆಲವು ಸೀಳಿನಂತೆ ಉದ್ದ, ನಡುವೆ ಹೆಬ್ಬೆರಳು ತೂರುವಷ್ಟು ದೊಡ್ಡದಾದ ಒಂದು ಮಹಾರಂಧ್ರ. ಅದರ ಮೂಲಕ ಮಿದುಳಿನ ಬುಡವು ಬೆನ್ನುಹುರಿಯಾಗಿ ಕೆಳಗಿಳಿಯುತ್ತದೆ. ಮಿದುಳೆಂಬ ಅರಸನು ಕಲ್ಲಿನ ಕೋಟೆಯಲ್ಲಿ ಸುರಕ್ಷಿತನಾಗಿದ್ದಾನೆ, ನಿಜ. ಆದರೆ ಬಾಗಿಲುಗಳೇ ಇಲ್ಲದ ಕೋಟೆಯಲ್ಲಿ ಅರಸನು ಕೈದಿಯಾಗುವನು. ಹೊರಗಿನ ಬೆಳಕು, ಸದ್ದು, ಕಂಪು, ರುಚಿ ಒಳಗೆ ಹೋಗಬೇಕು. ಒಳಗಿನ ಅಪ್ಪಣೆ ಹೊರಗೆ ಬರಬೇಕು. ಆ ಹೋಗಿಬರುವಿಕೆಗೆ ಇರುವ ಬಾಗಿಲುಗಳೇ ಈ ತೂತುಗಳು. ಅವುಗಳಲ್ಲಿ ಓಡಾಡುವ ದೂತರೇ ಕಪಾಲನರಗಳು. ಅವು ೧೨ ಜೊತೆ.

ಹನ್ನೆರಡು ಎಂಬ ಈ ಲೆಕ್ಕವು ಒಂದೇ ದಿನದಲ್ಲಿ ದೊರೆತುದಲ್ಲ. ಎರಡನೆಯ ಶತಮಾನದಲ್ಲಿ ಗೇಲನ್ ಎಂಬ ಗ್ರೀಕ್ ವೈದ್ಯನು ೭ ಜೊತೆಗಳೆಂದು ಎಣಿಸಿದನು. ಮನುಷ್ಯರ ಶವವನ್ನು ಕೊಯ್ಯಲು ಅವಕಾಶವಿಲ್ಲದೆ ಅವನು ಕೋತಿ, ಹಂದಿ ಮುಂತಾದ ಪ್ರಾಣಿಗಳನ್ನು ಕೊಯ್ದು ನೋಡಿದ್ದನು. ಅವನ ಮಾತು ಸಾವಿರ ವರ್ಷಕ್ಕೂ ಮೇಲೆ ವೇದವಾಕ್ಯವಾಗಿ ನಡೆಯಿತು. ೧೬೬೪ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಅದನ್ನು ೯ಕ್ಕೆ ಏರಿಸಿದನು. ೧೭೭೮ರಲ್ಲಿ ಜರ್ಮನಿಯ ಸೊಮ್ಮರಿಂಗ್ ಎಂಬ ತರುಣನು ತನ್ನ ಪ್ರಬಂಧದಲ್ಲಿ ೧೨ ಜೊತೆಗಳ ಪಟ್ಟಿಯನ್ನು ಕೊಟ್ಟನು. ಇಂದಿಗೂ ಉಪಯೋಗದಲ್ಲಿರುವುದು ಅದೇ ಪಟ್ಟಿ. ಒಂದೊಂದು ನರವನ್ನು ಹೆಚ್ಚಾಗಿ ಎಣಿಸಲು ಎಷ್ಟೋ ತಲೆಮಾರುಗಳ ಕಣ್ಣು ಸವೆಯಬೇಕಾಯಿತು.

ಭಾರತದಲ್ಲಿ ಸುಶ್ರುತನು ಶವಪರೀಕ್ಷೆಯ ಕ್ರಮವನ್ನು ಬಹು ಹಿಂದೆಯೇ ಹೇಳಿದ್ದನು. ಶವವನ್ನು ಹುಲ್ಲಿನಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ಬಳಿಕ ಮೆಲ್ಲನೆ ಉಜ್ಜುತ್ತ ಪದರ ಪದರವಾಗಿ ನೋಡಬೇಕೆಂಬುದು ಅವನ ವಿಧಿ. ಅವನು ಎಣಿಸಿದ ಎಲುಬುಗಳು ೩೦೦. ಇಂದಿನ ಲೆಕ್ಕ ೨೦೬. ಹಲ್ಲುಗಳನ್ನೂ ಮೆಲ್ಲೆಲುಬುಗಳನ್ನೂ ಅವನು ಸೇರಿಸಿಕೊಂಡುದರಿಂದ ಅಂತರವು ದೊಡ್ಡದಾಗಿ ಕಾಣುತ್ತದೆ. ಆದರೆ ಮುಂದೆ ಈ ವಿದ್ಯೆಯು ಗ್ರಂಥದಲ್ಲಿ ಉಳಿದು ಕೈಯಿಂದ ಜಾರಿತು. ೧೮೩೬ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪಂಡಿತ ಮಧುಸೂದನ ಗುಪ್ತರು ಶವಚ್ಛೇದನಕ್ಕೆ ಕೈಹಾಕಿದಾಗ, ಮೈಲಿಗೆಯ ಭಯವನ್ನು ಮೀರಿ ಆ ಸಾಹಸ ಮಾಡಿದವರೆಂದು ಅವರ ಹೆಸರು ನಾಡಿನಲ್ಲೆಲ್ಲ ಹರಡಿತು.

ಕನ್ನಡ ಕರಾವಳಿಗೆ ಈ ವಿದ್ಯೆಯು ಕಾಲೇಜಿನ ರೂಪದಲ್ಲಿ ಬಂದುದು ೧೯೫೩ರಲ್ಲಿ. ದಕ್ಷಿಣ ಕನ್ನಡವು ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. ಡಾಕ್ಟರ್ ಟಿ. ಎಂ. ಎ. ಪೈ ಅವರು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಆರಂಭದ ವರ್ಷಗಳಲ್ಲಿ ವಿದ್ಯಾರ್ಥಿಗಳು ಎಲುಬು ನರಗಳ ಪಾಠವನ್ನು ಮಣಿಪಾಲದಲ್ಲಿ ಮುಗಿಸಿ, ರೋಗಿಗಳ ಮಂಚದ ಬಳಿ ನಿಂತು ಕಲಿಯುವ ಸಲುವಾಗಿ ಮಂಗಳೂರಿಗೆ ಬರುತ್ತಿದ್ದರು. ೧೮೪೮ರಿಂದ ನಡೆದುಬಂದಿರುವ ಈಗಿನ ವೆನ್ಲಾಕ್ ಸರಕಾರಿ ಆಸ್ಪತ್ರೆಯೂ ಲೇಡಿ ಗೋಷನ್ ಆಸ್ಪತ್ರೆಯೂ ಅವರ ಪಾಠಶಾಲೆಗಳಾದವು. ಇಂದು ಮಂಗಳೂರಿನಲ್ಲಿಯೇ ಬಿಜೈ, ಕಂಕನಾಡಿ, ಕುಂಟಿಕಾನಗಳಲ್ಲಿಯೂ ಹೊರವಲಯದ ದೇರಳಕಟ್ಟೆಯಲ್ಲಿಯೂ ಬುರುಡೆಯ ಪಾಠ ನಡೆಯುತ್ತಿದೆ. ಬರಿಯ ಪಾಠವಲ್ಲ, ಶೋಧನೆಯೂ ನಡೆದಿದೆ. ಬುರುಡೆಯ ಮಹಾರಂಧ್ರದ ಆಕಾರ, ದವಡೆಯ ನರವು ಹೊರಬೀಳುವ ಮೊಟ್ಟೆಯಾಕಾರದ ರಂಧ್ರದ ಅಳತೆ, ಕಪೋಲದ ಮೇಲಣ ಎಲುಬುಗಳ ಸಂಧಿಸ್ಥಾನ ಇವನ್ನು ಮಂಗಳೂರಿನ ಅಂಗರಚನಾಶಾಸ್ತ್ರಜ್ಞರು ಒಂದೊಂದು ಬುರುಡೆಯಲ್ಲಿಯೂ ಅಳೆದು ವೈದ್ಯಕೀಯ ಪತ್ರಿಕೆಗಳಲ್ಲಿ ಪ್ರಕಟಿಸಿದ್ದಾರೆ. ತೂತನ್ನು ಅಳೆದು ಏನು ಫಲವೆಂದು ಕೇಳುವವರಿಗೆ ಉತ್ತರವು ಮುಂದೆ ತಾನಾಗಿ ದೊರೆಯುವುದು.

ಈಗ ಹನ್ನೆರಡು ದೂತರ ಪರಿಚಯವನ್ನು ಮಾಡಿಕೊಳ್ಳಬಹುದು.

ಮೊದಲನೆಯದು ಘ್ರಾಣನರ. ಮೂಗಿನ ಮಾಡಿನಲ್ಲಿರುವ ಜರಡಿಯಂಥ ಎಲುಬಿನ ತೂತುಗಳಲ್ಲಿ ಒಂದೊಂದು ಪಕ್ಕಕ್ಕೆ ಸುಮಾರು ೨೦ ಎಳೆಗಳಾಗಿ ಇದು ಮೇಲೇರುತ್ತದೆ. ಸಂಜೆ ಮನೆಗೆ ತಂದ ಒಂದು ಚೆಂಡು ಮಲ್ಲಿಗೆಯ ಕಂಪೂ ಒಲೆಯ ಮೇಲಿನ ಮೀನುಸಾರಿನ ಘಮವೂ ಮಿದುಳನ್ನು ಸೇರುವುದು ಈ ಜರಡಿಯ ದಾರಿಯಿಂದ. ತಲೆಗೆ ಬಲವಾದ ಪೆಟ್ಟು ಬಿದ್ದಾಗ ಮಿದುಳು ಒಳಗೆ ತೊನೆದು ಈ ನವುರಾದ ಎಳೆಗಳು ಕತ್ತರಿಸಿಹೋಗುವುದುಂಟು. ಪೆಟ್ಟು ಬಿದ್ದುದು ಹಿಂದಲೆಗೆ, ನಷ್ಟವಾದುದು ಮೂಗಿಗೆ! ೨೦೨೦ರ ಮಹಾಮಾರಿಯಲ್ಲಿ ಸಾವಿರಾರು ಜನರಿಗೆ ವಾಸನೆಯೇ ತಿಳಿಯದಂತಾಯಿತು. ಆ ವಿಷಾಣುವು ನರಕ್ಕಿಂತ ಹೆಚ್ಚಾಗಿ ಅದರ ಸುತ್ತಲಿನ ಆಸರೆಯ ಕಣಗಳನ್ನು ಕೆಡಿಸಿದುದರಿಂದ ಬಹುಮಂದಿಗೆ ಕಂಪು ಮರಳಿ ದೊರೆಯಿತು.

ಎರಡನೆಯದು ದೃಷ್ಟಿನರ. ಸುಮಾರು ಹತ್ತು ಲಕ್ಷ ಎಳೆಗಳ ಹಗ್ಗವಿದು. ಮೂರು, ನಾಲ್ಕು, ಆರನೆಯ ನರಗಳು ಕಣ್ಣುಗುಡ್ಡೆಯನ್ನು ತಿರುಗಿಸುವ ಸೇವಕರು. ಇವುಗಳಲ್ಲಿ ನಾಲ್ಕನೆಯದು ಎಲ್ಲಕ್ಕೂ ತೆಳ್ಳನೆಯದು. ಅದು ಸೋತವರಿಗೆ ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ. ಆರನೆಯದು ಬಹುದೂರ ನಡೆದು ಕಣ್ಣನ್ನು ಸೇರುವುದರಿಂದ ತಲೆಯೊಳಗೆ ಒತ್ತಡ ಏರಿದಾಗ ಮೊದಲು ನರಳುವವರಲ್ಲಿ ಅದೂ ಒಂದು. ಆಗ ಕಣ್ಣು ಮೂಗಿನತ್ತ ವಾಲುತ್ತದೆ.

ಐದನೆಯದು ಮೂರು ಕವಲಿನ ದಪ್ಪ ನರ. ಹಣೆ, ಕೆನ್ನೆ, ದವಡೆಗಳ ಸ್ಪರ್ಶವೆಲ್ಲ ಇದರ ವಶ. ಹಲ್ಲುನೋವಿನ ಸುದ್ದಿಯನ್ನು ತರುವವನೂ ಇವನೇ. ಈ ನರವು ಕೆರಳಿದರೆ, ಮುಖ ತೊಳೆಯುವಾಗ ಗಾಳಿ ಸೋಕಿದರೂ ಸಿಡಿಲು ಬಡಿದಂಥ ನೋವು ಬರುತ್ತದೆ. ಮದ್ದಿಗೆ ಬಗ್ಗದ ಆ ನೋವಿಗೆ ಕೆಲವೊಮ್ಮೆ ವೈದ್ಯರು ಕೆನ್ನೆಯ ಮೂಲಕ ಸೂಜಿಯನ್ನು ಏರಿಸಿ, ಬುರುಡೆಯ ಆ ಮೊಟ್ಟೆಯಾಕಾರದ ರಂಧ್ರದಲ್ಲಿ ತೂರಿಸಿ, ನರದ ಬುಡವನ್ನು ಮುಟ್ಟುತ್ತಾರೆ. ಕೆಲವೇ ಮಿಲಿಮೀಟರು ಅಗಲದ ಬಾಗಿಲು ಅದು. ಒಣಬುರುಡೆಗಳ ತೂತನ್ನು ಯಾರೋ ತಾಳ್ಮೆಯಿಂದ ಅಳೆದುದರ ಫಲವು ಆ ಸೂಜಿಯ ಮೊನೆಯಲ್ಲಿದೆ.

ಎಂಟನೆಯದು ಶ್ರವಣದ ಮತ್ತು ಸಮತೋಲದ ನರ. ಒಂಬತ್ತನೆಯದು ಗಂಟಲಿನದು. ಹತ್ತನೆಯದಕ್ಕೆ ವೇಗಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಅಲೆಮಾರಿ ಎಂದರ್ಥ. ಹೆಸರಿಗೆ ತಕ್ಕಂತೆ ಇದು ತಲೆಯಲ್ಲಿ ಹುಟ್ಟಿ, ಗಂಟಲು, ಹೃದಯ, ಶ್ವಾಸಕೋಶಗಳನ್ನು ದಾಟಿ ಹೊಟ್ಟೆಯವರೆಗೂ ಅಲೆಯುತ್ತದೆ. ರಕ್ತವನ್ನು ಕಂಡು ತಲೆತಿರುಗಿ ಬೀಳುವವರ ನಾಡಿಯನ್ನು ಒಮ್ಮೆಗೇ ಮಂದಮಾಡುವುದು ಇದರ ಕೆಲಸ. ಹನ್ನೊಂದನೆಯದು ಕತ್ತನ್ನು ಹೊರಳಿಸಿ ಹೆಗಲನ್ನು ಕುಣಿಸುತ್ತದೆ. ಹನ್ನೆರಡನೆಯದು ನಾಲಗೆಯ ನರ. ವೈದ್ಯರು ನಾಲಗೆ ಚಾಚಿರೆಂದಾಗ ಅವರು ಅದರ ಬಣ್ಣವನ್ನಷ್ಟೇ ನೋಡುತ್ತಾರೆಂದು ತಿಳಿಯಬಾರದು. ಆ ನರವು ಒಂದು ಪಕ್ಕ ಸೋತಿದ್ದರೆ ನಾಲಗೆಯು ಸೋತ ಪಕ್ಕಕ್ಕೆ ವಾಲುತ್ತದೆ. ಹೆಗಲು ಕುಣಿಸಿ, ಹಲ್ಲು ಕಚ್ಚಿ, ಆ ಎನ್ನಿ, ಬೆರಳನ್ನು ನೋಡಿ ಎಂಬ ಮಕ್ಕಳಾಟದಂಥ ಅಪ್ಪಣೆಗಳೆಲ್ಲ ಈ ಹನ್ನೆರಡು ದೂತರ ಹಾಜರಿ ಕರೆಯುವ ಕ್ರಮ. ರೋಗಿಯು ನಗುತ್ತ ಆಡಿದ ಆಟದಲ್ಲಿ, ಬುರುಡೆಯ ಯಾವ ಬಾಗಿಲಿನ ಬಳಿ ತೊಂದರೆಯಿದೆಯೆಂದು ವೈದ್ಯರಿಗೆ ತಿಳಿದುಹೋಗಿರುತ್ತದೆ.

ಪಟ್ಟಿಯಲ್ಲಿ ಏಳನೆಯದನ್ನು ಬಿಟ್ಟುದು ಮರೆವಿನಿಂದಲ್ಲ. ಅದು ಮುಖನರ. ಕರಾವಳಿಯ ಜನಕ್ಕೆ ಇದರ ಮಹಿಮೆಯನ್ನು ತಿಳಿಸಲು ಯಕ್ಷಗಾನದ ರಂಗಸ್ಥಳವೊಂದೇ ಸಾಕು. ಚೌಕಿಯಲ್ಲಿ ಮುಖಕ್ಕೆ ಬಣ್ಣವೆಷ್ಟೇ ಮೆತ್ತಿರಲಿ, ತಲೆಯ ಮೇಲೆ ಕಿರೀಟವೆಷ್ಟೇ ಭಾರವಾಗಿರಲಿ, ವೇಷಧಾರಿಯ ಹುಬ್ಬು ಏರದೆ, ತುಟಿ ಕೊಂಕದೆ, ಕೆನ್ನೆ ಅದುರದೆ ಇದ್ದರೆ ರಸವು ಹುಟ್ಟದು. ಹಾಸ್ಯ, ಕೋಪ, ಜುಗುಪ್ಸೆ, ಶೋಕಗಳನ್ನೆಲ್ಲ ಮುಖದ ಸ್ನಾಯುಗಳಿಗೆ ಒಯ್ದು ಮುಟ್ಟಿಸುವುದು ಪಕ್ಕಕ್ಕೊಂದರಂತೆ ಇರುವ ಈ ಎರಡು ನರಗಳೇ. ಕಣ್ಣಿನ ರೆಪ್ಪೆಯನ್ನು ಎತ್ತುವುದು ಮೂರನೆಯ ನರ, ಮುಚ್ಚುವುದು ಏಳನೆಯದು. ನಾಲಗೆಯ ಮುಂಭಾಗದ ರುಚಿಯನ್ನೂ ಕಣ್ಣೀರನ್ನೂ ಇದೇ ನೋಡಿಕೊಳ್ಳುತ್ತದೆ.

ಇಷ್ಟು ಮುಖ್ಯವಾದ ನರಕ್ಕೆ ದೊರೆತ ದಾರಿ ಮಾತ್ರ ಬಹಳ ಇಕ್ಕಟ್ಟಿನದು. ಕಿವಿಯ ಒಳಗಿನ ಕಲ್ಲಿನಂಥ ಶಂಖಾಸ್ಥಿಯಲ್ಲಿ ಸುಮಾರು ೩ ಸೆಂಟಿಮೀಟರು ಉದ್ದದ ಡೊಂಕು ಸುರಂಗವೊಂದಿದೆ. ಅದರಲ್ಲಿ ತೂರಿ, ಕಿವಿಯ ಕೆಳಗೆ ಹೊರಬಿದ್ದು, ಐದು ಕವಲಾಗಿ ಮುಖದ ಮೇಲೆ ಹರಡಬೇಕು. ನರವು ಯಾವ ಕಾರಣದಿಂದಲಾದರೂ ಬಾತುಕೊಂಡರೆ ಎಲುಬಿನ ಗೋಡೆ ಒಂದು ಕೂದಲೆಳೆಯಷ್ಟೂ ಹಿಂದೆ ಸರಿಯದು. ನರವು ತನ್ನ ಬಾವಿನಲ್ಲಿ ತಾನೇ ಅಮುಕಿಹೋಗುತ್ತದೆ. ರಾತ್ರಿ ನೆಟ್ಟಗೆ ಮಲಗಿದವರು ಬೆಳಗ್ಗೆ ಕನ್ನಡಿಯಲ್ಲಿ ನೋಡಿದಾಗ ಬಾಯಿ ಸೊಟ್ಟಗಾಗಿರುತ್ತದೆ, ಒಂದು ಕಣ್ಣು ಮುಚ್ಚುವುದಿಲ್ಲ, ಬಾಯಿಗೆ ಹಾಕಿಕೊಂಡ ನೀರು ಪಕ್ಕದಿಂದ ಸುರಿಯುತ್ತದೆ. ಆಯುರ್ವೇದದಲ್ಲಿ ಇದಕ್ಕೆ ಅರ್ದಿತವೆಂದು ಹೆಸರು. ೧೮೨೧ರಲ್ಲಿ ಮುಖದ ನರಗಳ ಕೆಲಸವನ್ನು ಬಿಡಿಸಿ ತೋರಿಸಿದ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಎಂಬವನ ಹೆಸರಿನಿಂದ ಪಾಶ್ಚಾತ್ಯ ವೈದ್ಯರು ಇದನ್ನು ಕರೆಯುತ್ತಾರೆ.

ಮನೆಯಲ್ಲಿ ಇಂಥದು ನಡೆದಾಗ ಗಾಳಿ ಸೋಂಕಿತೆನ್ನುವವರು ಕೆಲವರು, ಲಕ್ವ ಹೊಡೆಯಿತೆಂದು ಅಳುವವರು ಕೆಲವರು. ಇಲ್ಲಿ ಹಣೆಯನ್ನು ನೋಡಬೇಕು. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡು ಪಕ್ಕಗಳಿಂದಲೂ ಅಪ್ಪಣೆ ಬರುತ್ತದೆ. ಆದುದರಿಂದ ಮಿದುಳಿನ ಒಂದು ಪಕ್ಕಕ್ಕೆ ರಕ್ತ ತಪ್ಪಿ ಲಕ್ವ ಹೊಡೆದಾಗ ಬಾಯಿ ಸೊಟ್ಟಗಾದರೂ ಸಾಮಾನ್ಯವಾಗಿ ಹಣೆಯನ್ನು ಸುಕ್ಕುಗಟ್ಟಿಸಲು ಬರುತ್ತದೆ. ಸುರಂಗದಲ್ಲಿ ನರವೇ ಅಮುಕಿದ್ದರೆ ಆ ಪಕ್ಕದ ಹಣೆಯೂ ನುಣ್ಣಗೆ ನಿಂತುಬಿಡುತ್ತದೆ. ಹಣೆಯ ಮೇಲೆ ನಿಜವಾಗಿ ಓದತಕ್ಕ ಬರಹವೊಂದಿದ್ದರೆ ಅದು ಇದು. ಆದರೂ ಈ ಪರೀಕ್ಷೆಯನ್ನು ನೆಚ್ಚಿ ಮನೆಯವರು ತೀರ್ಪು ಕೊಡಬಾರದು. ಬಾಯಿ ಸೊಟ್ಟಗಾದೊಡನೆ, ಅದರಲ್ಲಿಯೂ ಕೈಕಾಲು ಸೋತು ಮಾತು ತೊದಲಿದರಂತೂ, ಆಸ್ಪತ್ರೆಗೆ ಸೇರಿಸುವುದರಲ್ಲಿ ಗಳಿಗೆಯನ್ನೂ ಕಳೆಯಬಾರದು. ಲಕ್ವದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಮುಖನರದ ಬಾವಿಗೆ ೭೨ ಗಂಟೆಗಳೊಳಗೆ ಮದ್ದು ಆರಂಭವಾದರೆ ಗುಣ ಹೆಚ್ಚು. ಮದ್ದಿಲ್ಲದೆಯೂ ಹತ್ತರಲ್ಲಿ ಏಳು ಮಂದಿಯ ಮುಖ ತಾನಾಗಿ ಸರಿಹೋಗುತ್ತದೆ. ಮಂತ್ರವಾದಿಗಳ ಕೀರ್ತಿಗೆ ಬಹುಶಃ ಈ ಏಳು ಮಂದಿಯೇ ಕಾರಣರು. ಉಳಿದ ಮೂವರ ಸಂಕಟವು ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಮುಖ ಸರಿಹೋಗುವವರೆಗೆ ಮುಚ್ಚದ ಕಣ್ಣನ್ನು ಒಣಗದಂತೆ ಕಾಪಾಡುವುದು ಬಹು ಮುಖ್ಯ.

ಆ ಮುಚ್ಚದ ಕಣ್ಣಿನ ಕಥೆ ಮಂಗಳೂರಿಗೆ ಹೊಸದಲ್ಲ. ಜರ್ಮನಿಯಿಂದ ಬಂದ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ ಅವರು ೧೮೮೦ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಔಷಧಾಲಯವನ್ನು ತೆರೆದರು. ೧೮೯೦ರಲ್ಲಿ ಅಲ್ಲಿಯೇ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಲ್ಪಿಸಿದರು. ಕುಷ್ಠವೆಂದರೆ ಬರಿಯ ಚರ್ಮದ ರೋಗವೆಂದು ಜನರು ಬಗೆದಿದ್ದರು. ನಿಜಕ್ಕೂ ಅದು ನರವನ್ನು ಅರಸಿ ಹೋಗುವ ರೋಗ. ಏಳನೆಯ ನರದ ಕವಲು ಕೆಟ್ಟಾಗ ರೆಪ್ಪೆ ಮುಚ್ಚದು. ಐದನೆಯ ನರದ ಕವಲು ಕೆಟ್ಟಾಗ ಕಣ್ಣಿಗೆ ಧೂಳು ಬಿದ್ದರೂ ನೋವು ತಿಳಿಯದು. ಕಾವಲುಗಾರನೂ ಇಲ್ಲ, ಕದವೂ ಮುಚ್ಚದು. ಹೀಗೆ ಎಷ್ಟೋ ಮಂದಿ ದೃಷ್ಟಿಯನ್ನೇ ಕಳೆದುಕೊಂಡರು. ಮುಖ ವಿಕಾರವಾಯಿತೆಂದು ಮನೆಯವರೇ ಅವರನ್ನು ಹೊರಗಟ್ಟಿದರು. ೧೯೮೧ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದ ಬಹುಔಷಧ ಚಿಕಿತ್ಸೆಯಿಂದ ಈ ರೋಗವು ಪೂರ್ತಿಯಾಗಿ ಗುಣವಾಗುತ್ತದೆ. ಕಳೆದುಹೋದ ನರವು ಮಾತ್ರ ಸುಲಭವಾಗಿ ಮರಳದು. ಮೈಮೇಲೆ ಸ್ಪರ್ಶ ತಿಳಿಯದ ಬಿಳಿಚು ಕಲೆಯನ್ನು ಮುಚ್ಚಿಡದೆ ಬೇಗನೆ ತೋರಿಸಬೇಕೆಂಬುದು ಇದಕ್ಕಾಗಿ.

ಕೋಟೆಯ ಬಾಗಿಲುಗಳ ಮಾತಾಯಿತು. ಕೋಟೆಯ ಗೋಡೆಯೂ ಎಲ್ಲ ಕಡೆ ಒಂದೇ ದಪ್ಪವಾಗಿಲ್ಲ. ಹುಬ್ಬಿನ ತುದಿಗೂ ಕಿವಿಗೂ ನಡುವೆ, ಕಪೋಲದ ಮೇಲೆ ಬೆರಳಿಟ್ಟರೆ ಸಿಗುವ ಸ್ಥಾನದಲ್ಲಿ ನಾಲ್ಕು ಎಲುಬುಗಳು ಸಂಧಿಸುತ್ತವೆ. ಅಲ್ಲಿ ಗೋಡೆ ಬಹು ತೆಳು. ಅದರ ಒಳಮೈಗೆ ಅಂಟಿಕೊಂಡು ರಕ್ತನಾಳವೊಂದು ಹಾದುಹೋಗಿದೆ. ಸುಶ್ರುತನು ಈ ಸ್ಥಾನವನ್ನು ಶಂಖಮರ್ಮವೆಂದು ಕರೆದು, ಪೆಟ್ಟು ಬಿದ್ದೊಡನೆ ಪ್ರಾಣ ತೆಗೆಯುವ ಮರ್ಮಗಳ ಸಾಲಿನಲ್ಲಿ ಸೇರಿಸಿದನು. ಯಂತ್ರಗಳಿಲ್ಲದ ಕಾಲದಲ್ಲಿ ಬರಿಗಣ್ಣು ಮತ್ತು ಅನುಭವಗಳಿಂದ ಕಂಡ ಸತ್ಯ ಅದು. ಇಂದಿನ ನಗರದಲ್ಲಿ ಆ ಮರ್ಮಕ್ಕೆ ಪೆಟ್ಟು ಬೀಳುವುದು ಗದೆಯಿಂದಲ್ಲ. ನಂತೂರು, ಪಂಪ್‌ವೆಲ್‌ಗಳಂಥ ಕೂಡುರಸ್ತೆಗಳಲ್ಲಿ ಸ್ಕೂಟರಿನಿಂದ ಬೀಳುವ ತಲೆಗೆ ನೆಲವೇ ಗದೆ.

ಈ ಪೆಟ್ಟಿನ ಮೋಸವನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಬಿದ್ದವನು ಒಂದು ಕ್ಷಣ ಎಚ್ಚರ ತಪ್ಪುತ್ತಾನೆ. ಬಳಿಕ ಎದ್ದು ಕುಳಿತು ಮಾತನಾಡುತ್ತಾನೆ, ನೀರು ಕುಡಿಯುತ್ತಾನೆ, ಏನೂ ಆಗಿಲ್ಲವೆಂದು ಮನೆಗೆ ನಡೆಯುತ್ತಾನೆ. ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಆದರೆ ಒಳಗೆ ಹರಿದ ನಾಳದಿಂದ ರಕ್ತವು ಎಲುಬಿಗೂ ಮಿದುಳಿನ ಹೊದಿಕೆಗೂ ನಡುವೆ ಸೇರುತ್ತಲೇ ಇರುತ್ತದೆ. ಕೆಲವು ಗಂಟೆಗಳ ಬಳಿಕ ತಲೆನೋವು, ವಾಂತಿ, ಮಂಪರು. ನಿದ್ದೆ ಬಂದಿದೆ, ಮಲಗಲಿ ಎಂದು ಬಿಟ್ಟ ತಾಯಿಯು ಬೆಳಗ್ಗೆ ಎಬ್ಬಿಸಲು ಹೋದರೆ ಮಗ ಏಳುವುದಿಲ್ಲ. ಎಲುಬಿನ ಪೆಟ್ಟಿಗೆ ಹಿಗ್ಗದು. ಸೇರಿದ ರಕ್ತಕ್ಕೆ ಜಾಗ ಬೇಕೆಂದರೆ ಮಿದುಳೇ ಕುಗ್ಗಬೇಕು. ಸಕಾಲಕ್ಕೆ ಆಸ್ಪತ್ರೆ ಸೇರಿದರೆ ಬುರುಡೆಯಲ್ಲಿ ಕಿಂಡಿ ತೆರೆದು ಆ ರಕ್ತವನ್ನು ಹೊರತೆಗೆದು ಬದುಕಿಸಬಹುದು. ಆದುದರಿಂದ ತಲೆಗೆ ಪೆಟ್ಟು ಬಿದ್ದು ಒಂದು ಕ್ಷಣವಾದರೂ ಎಚ್ಚರ ತಪ್ಪಿದವರನ್ನು, ಅವರು ಎಷ್ಟೇ ನೆಟ್ಟಗೆ ಮಾತನಾಡಲಿ, ವೈದ್ಯರಿಗೆ ತೋರಿಸದೆ ಮನೆಗೆ ಕರೆತರಬಾರದು. ಪೆಟ್ಟಿನ ಬಳಿಕ ಮೂಗಿನಿಂದಲೋ ಕಿವಿಯಿಂದಲೋ ತಿಳಿನೀರು ತೊಟ್ಟಿಕ್ಕಿದರೆ ಅದನ್ನು ಶೀತವೆಂದು ಭಾವಿಸಿ ಸೀನಬಾರದು, ಹತ್ತಿಯನ್ನೂ ತುರುಕಬಾರದು. ಬುರುಡೆಯ ನೆಲ ಬಿರಿದು ಮಿದುಳಿನ ಸುತ್ತಲಿನ ನೀರು ಸೋರುತ್ತಿರುವ ಗುರುತಾಗಿರಬಹುದು ಅದು.

೧೯೮೮ರ ಮೋಟಾರು ವಾಹನಗಳ ಅಧಿನಿಯಮವು ಶಿರಸ್ತ್ರಾಣವನ್ನು ಕಡ್ಡಾಯಮಾಡಿತು. ಕರ್ನಾಟಕದಲ್ಲಿ ೨೦೧೬ರ ಜನವರಿಯಿಂದ ಹಿಂಬದಿಯ ಸವಾರರಿಗೂ ಅದನ್ನು ಜಾರಿಗೆ ತಂದರು. ೨೦೧೯ರ ತಿದ್ದುಪಡಿಯು ೪ ವರ್ಷಕ್ಕೆ ಮೇಲ್ಪಟ್ಟ ಮಕ್ಕಳನ್ನೂ ಸೇರಿಸಿಕೊಂಡಿತು. ಆದರೂ ಗಂಡನ ತಲೆಯ ಮೇಲೆ ಹೆಲ್ಮೆಟ್, ಹೆಂಡತಿಯ ತಲೆಯ ಮೇಲೆ ಮಲ್ಲಿಗೆ, ನಡುವೆ ನಿಂತ ಕೂಸಿನ ತಲೆಯ ಮೇಲೆ ಬರಿಯ ಗಾಳಿ ಎಂಬ ದೃಶ್ಯವು ಮಂಗಳೂರಿನ ಬೀದಿಗಳಲ್ಲಿ ಅಪರೂಪವಲ್ಲ. ಗಲ್ಲದ ಪಟ್ಟಿಯನ್ನು ಬಿಗಿಯದೆ ತಲೆಯ ಮೇಲಿಟ್ಟುಕೊಂಡ ಹೆಲ್ಮೆಟ್ಟು ಪೊಲೀಸರನ್ನು ತಪ್ಪಿಸೀತೇ ಹೊರತು ನೆಲವನ್ನು ತಪ್ಪಿಸಲಾರದು. ತೆಳುಗೋಡೆಯ ಮನೆಯವರು ಹೊರಗೊಂದು ಗೋಡೆಯನ್ನು ಕಟ್ಟಿಕೊಳ್ಳುವುದು ಅವಮಾನವಲ್ಲ.

ಕೊನೆಯದಾಗಿ, ಆ ವಿದ್ಯಾರ್ಥಿಯ ಅಂಗೈಯಲ್ಲಿರುವ ಬುರುಡೆಯ ಮಾತು. ಅದು ಯಾರದು? ಬಹುಕಾಲ ಈ ಪ್ರಶ್ನೆಯನ್ನು ಕೇಳುವವರೇ ಇರಲಿಲ್ಲ. ಜಗತ್ತಿನ ವೈದ್ಯಕೀಯ ಶಾಲೆಗಳಿಗೆ ಬೇಕಾದ ಅಸ್ಥಿಪಂಜರಗಳು ದಶಕಗಳ ಕಾಲ ಕಲ್ಕತ್ತೆಯಿಂದ ಹಡಗೇರಿ ಹೋಗುತ್ತಿದ್ದವು. ೧೯೮೫ರಲ್ಲಿ ಭಾರತ ಸರಕಾರವು ಆ ರಫ್ತನ್ನು ನಿಷೇಧಿಸಿತು. ಹಾಗೆ ಹೋದವುಗಳು ಬಡವರ ಎಲುಬುಗಳು. ಅವರನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಕರ್ನಾಟಕದಲ್ಲಿ ೧೯೫೭ರ ಅಂಗರಚನಾಶಾಸ್ತ್ರ ಅಧಿನಿಯಮದಂತೆ ವಾರಸುದಾರರಿಲ್ಲದ ಶವಗಳನ್ನು ವಿದ್ಯಾಸಂಸ್ಥೆಗಳಿಗೆ ಒಪ್ಪಿಸುವ ಏರ್ಪಾಡಾಯಿತು. ಬದುಕಿನಲ್ಲಿ ಯಾರಿಗೂ ಬೇಡವಾದವರು ಸತ್ತ ಮೇಲೆ ಗುರುಗಳಾದರು.

ಈಗ ತಮ್ಮ ಇಚ್ಛೆಯಿಂದಲೇ ದೇಹವನ್ನು ಬರೆದುಕೊಡುವವರು ಇದ್ದಾರೆ. ಬದುಕಿರುವಾಗಲೇ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ಪತ್ರಕ್ಕೆ ಸಾಕ್ಷಿಗಳ ಮುಂದೆ ಸಹಿ ಹಾಕುವುದು ಅದರ ಕ್ರಮ. ಆದರೆ ಸಹಿಗಿಂತಲೂ ಕಷ್ಟದ ಕೆಲಸವು ಮನೆಯಲ್ಲಿದೆ. ಸತ್ತವರು ಎದ್ದು ಬಂದು ತಮ್ಮ ಮಾತನ್ನು ನಡೆಸಿಕೊಳ್ಳಲಾರರು. ನಡೆಸಬೇಕಾದವರು ಮಡದಿ ಮಕ್ಕಳು. ಅಪರಕ್ರಿಯೆಗೆ ದೇಹವಿಲ್ಲವಲ್ಲ, ನೆಂಟರು ಏನೆಂದಾರು ಎಂಬ ಅಳುಕು ಅವರನ್ನು ಕಾಡುತ್ತದೆ. ಆ ಅಳುಕನ್ನು ಹಗುರವಾಗಿ ಕಾಣುವಂತಿಲ್ಲ. ತಂದೆಯ ಕೊನೆಯ ಮಾತು ದೊಡ್ಡದೋ, ತಲೆಮಾರುಗಳ ನಡವಳಿಕೆ ದೊಡ್ಡದೋ ಎಂಬ ನಿರ್ಣಯವನ್ನು ಕಣ್ಣೀರಿನ ನಡುವೆ, ಕೆಲವೇ ಗಂಟೆಗಳಲ್ಲಿ ಮಾಡಬೇಕಾಗುತ್ತದೆ. ಹಾಗಾಗಿ, ದೇಹದಾನದ ಇಚ್ಛೆಯುಳ್ಳವರು ಪತ್ರಕ್ಕೆ ಸಹಿ ಹಾಕುವುದಕ್ಕೆ ಮೊದಲು ಊಟದ ಹೊತ್ತಿನಲ್ಲಿ ಮನೆಯವರೆಲ್ಲರ ಎದುರು ಆ ಮಾತನ್ನು ಆಡಿ, ಅವರ ಮನಸ್ಸನ್ನು ತಿಳಿದುಕೊಳ್ಳುವುದು ಉಚಿತ.

ಇತ್ತೀಚಿನ ವರ್ಷಗಳಲ್ಲಿ ವೈದ್ಯಕೀಯ ಕಾಲೇಜುಗಳಲ್ಲಿ ಒಳ್ಳೆಯ ರೂಢಿಯೊಂದು ಬೆಳೆದಿದೆ. ಮೊದಲ ವರ್ಷದ ವಿದ್ಯಾರ್ಥಿಗಳು ಚಾಕುವನ್ನು ಕೈಗೆತ್ತಿಕೊಳ್ಳುವ ಮುನ್ನ ಶವದ ಮುಂದೆ ಸಾಲಾಗಿ ನಿಂತು, ಗೌರವದಿಂದ ನಡೆದುಕೊಳ್ಳುವೆವೆಂದು ಪ್ರತಿಜ್ಞೆ ಮಾಡುತ್ತಾರೆ. ಮೇಜಿನ ಮೇಲೆ ಮಲಗಿರುವವರೇ ಅವರ ಮೊದಲ ಗುರು. ಆ ಗುರುವು ಒಂದು ಮಾತನ್ನೂ ಆಡದೆ, ಬುರುಡೆಯ ಒಂದೊಂದು ಬಾಗಿಲನ್ನೂ ತೆರೆದು ತೋರಿಸುತ್ತಾನೆ. ಮುಂದೊಂದು ದಿನ ಯಾರದೋ ಮಗನನ್ನು ನಡುರಾತ್ರಿಯಲ್ಲಿ ಆಸ್ಪತ್ರೆಗೆ ಹೊತ್ತುತಂದಾಗ, ಶಂಖಾಸ್ಥಿಯ ಮೇಲೆ ಸರಿಯಾದ ಸ್ಥಾನದಲ್ಲಿ ಕೈಯಿಡುವ ವೈದ್ಯನು ಆ ಸ್ಥಾನವನ್ನು ಕಲಿತುದು ಈ ಮೇಜಿನ ಬಳಿಯಲ್ಲಿಯೇ.